ಕೊನೆಯ ಗುಳಿ

ತಟ್ಟೆಯ ಕೊನೆಯ ಗುಳಿ ಹಳದಿಗೆ ತಿರುಗತೊಡಗಿದಾಗ ಅವನಿಗೆ ಮೊದಲು ಹೊಳೆದದ್ದು ಇದಕ್ಕೆ ಯಾರನ್ನು ಬೈಯಬಹುದು ಎಂಬುದು. ಬೈಯಲು ಜನ ಇದ್ದರು. ತಟ್ಟೆ ಸಿದ್ಧಮಾಡಿದ ಲ್ಯಾಬಿನ ತಂತ್ರಜ್ಞೆ ಇದ್ದಳು, ನಿವೃತ್ತಿಗೆ ಹತ್ತಿರವಾಗಿ ಯಾವುದಕ್ಕೂ ಬೆಚ್ಚದ ಹೆಂಗಸು. ರಾಸಾಯನಿಕ ಪೂರೈಸುವ ಕಂಪನಿ ಇತ್ತು. ಬೆಳಗಿನಿಂದ ಎರಡು ಸಲ ಹೋಗಿ ಬಂದ ಕರೆಂಟು ಇತ್ತು. ತಟ್ಟೆಯೆಂದರೆ ಅಂಗೈಯಗಲದ ಪ್ಲಾಸ್ಟಿಕ್ಕು, ಅದರ ತುಂಬ ಕಿರುಬೆರಳೂ ಹಿಡಿಸದಷ್ಟು ಸಣ್ಣ ಗುಳಿಗಳು. ಒಂದೊಂದು ಗುಳಿಯಲ್ಲಿ ಒಂದೊಂದು ಬಾವಲಿಯ ರಕ್ತ, ಒಂದು ತೊಟ್ಟು. ಊರಿನಲ್ಲಿ ಈಗಲೂ ಸುತ್ತುತ್ತಿರುವ ಆ ಜ್ವರದ ವೈರಸ್ಸು ಬಾವಲಿಯ ಮೈ ಹೊಕ್ಕು ಹೋಗಿದ್ದರೆ ಅದರ ಗುರುತಾಗಿ ರಕ್ತದಲ್ಲಿ ಪ್ರತಿಕಾಯ ಉಳಿದಿರುತ್ತದೆ. ಉಳಿದಿದ್ದರೆ ಗುಳಿ ಹಳದಿಯಾಗುತ್ತದೆ, ಇಲ್ಲದಿದ್ದರೆ ನೀರಿನಂತೆ ತಿಳಿಯಾಗಿಯೇ ಇರುತ್ತದೆ. ಬಾವಲಿಗಳ ಗುಳಿಗಳೆಲ್ಲ ತಿಳಿಯಾಗಿದ್ದವು. ಒಂದಾದರೂ ಬಣ್ಣ ಕಟ್ಟಲಿ ಎಂದು ಇಡೀ ಸಂಸ್ಥೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾಗ, ಬಣ್ಣ ಕಟ್ಟಬಾರದೆಂದೇ ಇಟ್ಟ ಗುಳಿ ಬಣ್ಣ ಕಟ್ಟಿತು. ಅದರಲ್ಲಿ ಇದ್ದದ್ದು ಅವನ ರಕ್ತ.

ಅದನ್ನು ಅಲ್ಲಿ ಹಾಕಿಸಿದವನೂ ಅವನೇ. ಪ್ರತಿ ತಟ್ಟೆಯಲ್ಲೂ ರೋಗ ಸೋಕದ ಒಂದು ರಕ್ತ ಬೇಕು, ಹೋಲಿಸಿ ನೋಡುವುದಕ್ಕೆ. ಕೊಂಡು ತಂದದ್ದು ಮುಗಿದುಹೋಗಿತ್ತು. ಈ ಪರೀಕ್ಷೆಗೆ ರಕ್ತ ಬಾವಲಿಯದಾದರೇನು, ಮನುಷ್ಯನದಾದರೇನು, ಭೇದವಿಲ್ಲ. "ನನ್ನದೇ ಇದೆಯಲ್ಲ, ಫ್ರೀಜರಲ್ಲಿ. ಅದಕ್ಕಿಂತ ಶುದ್ಧವಾದ್ದು ಎಲ್ಲಿ ಸಿಗತ್ತೆ?" ಎಂದು ಅವನು ಉದಾರವಾಗಿ ಹೇಳಿದ್ದ. ಜ್ವರ ಊರಿಗೆ ಹೊಸದಾಗಿ ಬಂದ ದಿನಗಳಲ್ಲಿ, ಲಸಿಕೆಯ ಮಾತೇ ಇಲ್ಲದಿದ್ದಾಗ, ಮುಂದೆ ಬೇಕಾದೀತೆಂದು ಸಂಸ್ಥೆಯವರು ಕೆಲವರ ರಕ್ತ ತೆಗೆದು ಪುಟ್ಟ ಬಾಟಲಿಗಳಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಆಮೇಲೆ ಆ ಕೆಲವರೂ ಒಬ್ಬೊಬ್ಬರಾಗಿ ಜ್ವರ ಬಂದು ಮಲಗಿದರು. ಅವನು ಮಾತ್ರ ಮಲಗಲಿಲ್ಲ. ಜ್ವರ ಬಾರದಿರುವುದನ್ನು ಅವನು ಅಂದಿನಿಂದ ಒಂದು ಪದವಿಯ ಹಾಗೆ ಹೆಸರಿನ ಜೊತೆ ಹೊತ್ತು ತಿರುಗಿದ. ಸಭೆಗಳಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಸುಮ್ಮನೆ ಹವಾಮಾನ ಕೇಳಿದವರಿಗೂ ಅದನ್ನು ಹೇಳಿದ. ನನಗೆ ಒಂದು ಸೀನೂ ಬರಲಿಲ್ಲ ಕಣ್ರೀ, ಎಚ್ಚರಿಕೆ ಅಂದರೆ ಹಾಗಿರಬೇಕು.

"ಏನ್ರೀ ಇದು? ಯಾವ ಬಾಟಲಿ ಹಾಕಿದ್ರಿ?" ಎಂದು ಅವನು ತಂತ್ರಜ್ಞೆಯನ್ನು ಗದರಿದ. ಅವಳು ಬಾಟಲಿಯನ್ನೇ ಎತ್ತಿ ತೋರಿಸಿದಳು. ಅವನ ಹೆಸರು, ತಾರೀಖು, ಅವನದೇ ಕೈಬರಹ. "ನಾನೇನು ಮನೆಯಿಂದ ತಂದೆನಾ ಸಾರ್?" ಎಂದಳು. ಅವನು ಕೈಗವಸು ಹಾಕಿಕೊಂಡು ತಾನೇ ಕೂತು ಇನ್ನೊಂದು ತಟ್ಟೆ ಮಾಡಿದ. ಬಾಟಲಿ ಬೇರೆ, ರಾಸಾಯನಿಕ ಬೇರೆ, ಕೈ ಬೇರೆ. ಮಧ್ಯಾಹ್ನದ ಊಟ ಬಿಟ್ಟು ಅದರ ಮುಂದೆ ಕೂತ. ಬಾವಲಿಗಳ ಗುಳಿಗಳು ಮತ್ತೆ ತಿಳಿನೀರು. ಕೊನೆಯದು ಮತ್ತೆ ಹಳದಿ, ಈ ಸಲ ಇನ್ನಷ್ಟು ಲಕ್ಷಣವಾಗಿ. ತಂತ್ರಜ್ಞೆ ಅವನ ಭುಜದ ಮೇಲಿಂದ ಬಗ್ಗಿ ನೋಡಿ, "ಬಾವಲಿಗಳೆಲ್ಲ ಫೇಲು, ನೀವೊಬ್ರೇ ಪಾಸು," ಎಂದಳು. ಅವನ ಮುಖ ನೋಡಿ ಸ್ವಲ್ಪ ಮರುಕವೂ ಬಂದಿರಬೇಕು. "ಬಿಡಿ ಸಾರ್, ಬೇರೆ ಯಾರದ್ದಾದ್ರೂ ಹಾಕೋಣ. ಬಂದಿದ್ರೆ ಬಂದಿದೆ, ಹೋಗಿದೆ. ನನಗೆ ಮೂರು ಸಲ ಬಂತು, ನಾನೇನು ಸತ್ನಾ?" ಅವಳಿಗೆ ಅದು ಅಷ್ಟೇ ವಿಷಯ. ಅವಳು ಕೈ ತೊಳೆದು, ಡಬ್ಬಿ ತೆಗೆದುಕೊಂಡು ಊಟಕ್ಕೆ ಹೋದಳು.

ತಾರೀಖನ್ನು ಅವನು ಓದಬೇಕಾಗಿರಲಿಲ್ಲ. ಆ ಬೆಳಿಗ್ಗೆ ಹೆಂಡತಿ ಕೈಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಊರಾಚೆ ಸೈಕಲ್ ಶಾಪು ಇಟ್ಟಿರುವ ತಮ್ಮನನ್ನು ನೋಡಿ ಬರುತ್ತೇನೆ, ದಾರಿಯಲ್ಲಿ ಬಿಡಿ ಎಂದಿದ್ದಳು. "ನಾನು ರಕ್ತ ಕೊಡೋಕೆ ಹೋಗ್ಬೇಕು, ನೀನು ಬಸ್ಸಲ್ಲಿ ಹೋಗು," ಎಂದು ಅವನು ಗಾಡಿ ತಿರುಗಿಸಿದ್ದ. ದೇಶಕ್ಕೇ ರಕ್ತ ಕೊಡಲು ಹೋಗುವವನ ಗತ್ತು ಅದರಲ್ಲಿತ್ತು. ಅವಳು ಬಸ್ಸಿನಲ್ಲಿ ಹೋಗಿ ಸಂಜೆ ಬಂದಳು. ಎರಡು ದಿನ ಬಿಟ್ಟು ಅವಳಿಗೆ ಮೈ ಕಾದಿತು, ಅದರ ಹಿಂದೆ ಅವನ ತಾಯಿಗೆ. ಅವನು ಮಹಡಿಯ ಕೋಣೆ ಸೇರಿ ಚಿಲಕ ಹಾಕಿಕೊಂಡ. ಜ್ವರದಲ್ಲೇ ಅವಳು ತಟ್ಟೆ ತಂದು ಬಾಗಿಲ ಹೊರಗಿಟ್ಟು ಬಾಗಿಲು ತಟ್ಟಿ ಕೆಳಗಿಳಿದು ಹೋಗುತ್ತಿದ್ದಳು. ಅವಳ ಹೆಜ್ಜೆ ಸದ್ದು ಪೂರ್ತಿ ಅಡಗಿದ ಮೇಲೆಯೇ ಅವನು ಬಾಗಿಲು ತೆರೆಯುತ್ತಿದ್ದ. ಆ ಕೋಣೆಯಲ್ಲಿ ಕೂತೇ ಅವನು ವಿಚಾರಣೆ ಮುಗಿಸಿ ತೀರ್ಪು ಬರೆದದ್ದು. ತಮ್ಮನ ಮನೆಗೆ ಹೋದದ್ದು ಯಾರು? ಅಲ್ಲಿ ಕೆಮ್ಮುತ್ತಿದ್ದವನು ಯಾರು? ಸೈಕಲ್ಲಿಗೆ ಬಣ್ಣ ಹೊಡೆಯುವವನು ವರ್ಷವಿಡೀ ಕೆಮ್ಮುತ್ತಾನೆ ಎಂಬುದು ಗೊತ್ತಿದ್ದರೂ ಅದನ್ನು ಅವನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಅಕ್ಕನಿಗೆ ಹುಷಾರಿಲ್ಲವೆಂದು ಕೇಳಿ ಆ ತಮ್ಮ ಹಣ್ಣಿನ ಚೀಲ ಹಿಡಿದು ಸೈಕಲ್ ತುಳಿದುಕೊಂಡು ಬಂದಿದ್ದ. ಅವನು ಮಹಡಿಯ ಕಿಟಕಿಯಿಂದಲೇ, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವಂತೆ, "ಕೊಟ್ಟಿರೋದೇ ಸಾಕಲ್ಲಪ್ಪಾ, ಇನ್ನೇನು ತಂದೆ?" ಎಂದ. ತಮ್ಮ ಚೀಲವನ್ನು ಗೇಟಿಗೆ ಸಿಕ್ಕಿಸಿ, ಕಿಟಕಿಗೆ ಮುಖ ಕೊಡದೆ ಸೈಕಲ್ ತಿರುಗಿಸಿದ. ಆಮೇಲೆ ಅವನು ಕೆಳಗಿಳಿದು ಬಂದು ಬ್ಲೀಚಿಂಗ್ ಪುಡಿ ಕಲಸಿದ ನೀರಿನಿಂದ ಗೇಟನ್ನು ತಿಕ್ಕಿದ. ಹೆಂಡತಿ ಕಂಬಳಿ ಹೊದ್ದು ಒಳಗಿನಿಂದ ಅದನ್ನು ನೋಡುತ್ತಿದ್ದಳು. ಅಂದಿನಿಂದ ತಮ್ಮ ಈ ಕಡೆ ಬಂದಿಲ್ಲ. ಅವಳೂ ಆ ಕಡೆ ಹೋಗಿಲ್ಲ. ಯಾರೂ ತಡೆಯಲಿಲ್ಲ, ಅವಳೇ ಹೋಗಲಿಲ್ಲ. ಅವಳು ಅವನ ತೀರ್ಪನ್ನು ಅಷ್ಟು ಪೂರ್ತಿಯಾಗಿ ನಂಬಿಬಿಟ್ಟಿದ್ದಳು. ತಮ್ಮನಿಗೆ ಮಗಳು ಹುಟ್ಟಿ ಈಗ ನಡೆಯಲು ಕಲಿತಿದ್ದಾಳೆ. ಹೆಂಡತಿ ಆ ಮಗುವನ್ನು ಫೋನಿನಲ್ಲಿ ನೋಡಿ, ಬೆರಳಿಂದ ದೊಡ್ಡದು ಮಾಡಿ, ಮತ್ತೆ ಚಿಕ್ಕದು ಮಾಡಿ ಇಡುತ್ತಾಳೆ. "ನಾನು ಹೋದ ಕಡೆಯೆಲ್ಲ ಏನಾದ್ರೂ ಹೊತ್ಕೊಂಡು ಬರೋಳು, ಎಳೇ ಮಗು ಇರೋ ಮನೆಗೆ ಯಾಕೆ?" ಎಂದು ಹೋದ ವಾರವೂ ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಅವನ ತಾಯಿಗೆ ಅಂದಿನಿಂದ ಉಳಿದುಕೊಂಡ ಕೆಮ್ಮಿಗೆ ತಾಯಿ ಇಟ್ಟ ಹೆಸರು 'ಬೀಗರ ಉಡುಗೊರೆ'.

ಇನ್ನು ವಾಸನೆಯ ಸಂಗತಿ. ಜ್ವರ ಬಿಟ್ಟ ಮೇಲೆ ಹೆಂಡತಿಗೆ ಎಲ್ಲ ಮರಳಿತು, ವಾಸನೆ ಮರಳಲಿಲ್ಲ. ಸೋಪು, ಸೀಮೆಎಣ್ಣೆ, ಒಗೆದ ಬಟ್ಟೆ, ಬೆವರು, ಅವಳಿಗೆ ಎಲ್ಲ ಒಂದೇ. ಈ ಬೆಳಿಗ್ಗೆಯೂ ಅವಳು ಹಾಲಿನ ಪಾತ್ರೆಯನ್ನು ಅವನ ಮೂಗಿನ ಹತ್ತಿರ ಹಿಡಿದು, "ರೀ, ಇದು ಸರಿ ಇದೆಯಾ ನೋಡಿ," ಎಂದಿದ್ದಳು. ಅವನು ಪೇಪರಿನಿಂದ ಕಣ್ಣೆತ್ತದೆ ಮೂಸಿ, ಸರಿ ಇದೆ ಎಂದು ಅಪ್ಪಣೆ ಕೊಟ್ಟಿದ್ದ. ಮನೆಯ ಮೂಗು ಅವನೇ. ಬಾವಲಿಗಳಿಗೆ ಬಲೆ ಹಾಕಿ ಬಂದ ದಿನ ಬಸ್ಸಿನಲ್ಲಿ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತದೆ, ತಾಯಿ ಸೆರಗು ಮುಚ್ಚಿಕೊಂಡು ಒಳಗೆ ಎದ್ದು ಹೋಗುತ್ತಾಳೆ, ಹೆಂಡತಿಯೊಬ್ಬಳೇ ಪಕ್ಕದಲ್ಲಿ ಕೂತು ಬಡಿಸುತ್ತಾಳೆ. ಅದನ್ನು ಅವನು ಇಷ್ಟು ದಿನ ಪ್ರೀತಿಯೆಂದು ತಿಳಿದಿದ್ದ.

ರಕ್ತದಲ್ಲಿ ಪ್ರತಿಕಾಯ ಕಾಣಿಸಿಕೊಳ್ಳಲು ಜ್ವರ ತಗಲಿ ವಾರವೋ ಹತ್ತು ದಿನವೋ ಆಗಬೇಕು. ಇದನ್ನು ಅವನು ಹೊಸಬರಿಗೆ ಮೊದಲ ದಿನವೇ ಪಾಠ ಹೇಳುತ್ತಾನೆ. ಅಂದರೆ ಹೆಂಡತಿ ಬಸ್ಸು ಹತ್ತಿದ ಆ ಬೆಳಿಗ್ಗೆಯ ಹೊತ್ತಿಗೆ ಅವನು ಅದನ್ನು ಮನೆಗೆ ತಂದು, ಹಂಚಿ, ತನ್ನ ಪಾಲು ಮುಗಿಸಿಯೂ ಆಗಿತ್ತು. ಸೈಕಲ್ ಶಾಪಿನವನಿಗೆ ಜ್ವರ ಬಂದದ್ದು ಆ ವಾರದ ಕೊನೆಗೆ, ಅಕ್ಕ ಹೋಗಿ ಬಂದ ಮೇಲೆ. ಅದೂ ಅವನಿಗೆ ಆಗಲೇ ಗೊತ್ತಿತ್ತು. ಆದರೆ ಲ್ಯಾಬಿನಲ್ಲಿ ಹೇಳುವ ಪಾಠವನ್ನು ಮನೆಗೆ ಒಯ್ಯುವ ಅಭ್ಯಾಸ ಅವನಿಗಿರಲಿಲ್ಲ. ಊರೂರು ತಿರುಗಿ ಅವನು ಮಾಡುವ ಭಾಷಣ ಒಂದಿದೆ. "ಬಾವಲಿಗಳ ಮೇಲೆ ಗೂಬೆ ಕೂರಿಸಬೇಡಿ," ಎಂದು ಶುರುವಾಗುತ್ತದೆ, ಜನ ನಗುತ್ತಾರೆ, ಅವನು ನಗು ನಿಲ್ಲುವವರೆಗೆ ಕಾದು ನೀರು ಕುಡಿಯುತ್ತಾನೆ. ಸಾಕ್ಷಿಯಿಲ್ಲದೆ ಯಾರನ್ನೂ ದೂರಬೇಡಿ, ರೋಗ ಎತ್ತ ಕಡೆಯಿಂದ ಎತ್ತ ಕಡೆಗೆ ಹೋಯಿತೆಂದು ಮೊದಲು ನೋಡಿ, ಮನುಷ್ಯನಿಂದಲೇ ಬಾವಲಿಗೆ ಹೋಗಿರಬಾರದೇಕೆ? ಅದನ್ನು ನೋಡುವುದೇ ಈ ಪ್ರಾಜೆಕ್ಟು. ಇದೆಲ್ಲ ನೆನಪಾಗಿ, ಖಾಲಿ ಲ್ಯಾಬಿನಲ್ಲಿ ಅವನಿಗೆ ಕಿವಿ ಬಿಸಿಯಾಯಿತು.

ನಿರ್ದೇಶಕರು ಕರೆದಿದ್ದಾರೆಂದು ತಂತ್ರಜ್ಞೆ ಬಂದು ಹೇಳಿದಳು. ನಿರ್ದೇಶಕರದು ಬೇರೆಯೇ ದುಃಖ. ತಟ್ಟೆಯ ಫಲಿತಾಂಶ ನೋಡಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದೇ ಒಂದು ಬಾವಲಿಗೂ ಇಲ್ವೇನ್ರೀ?" ಎಂದರು. ಇಲ್ಲ ಎಂದ. "ಸರಿಯಾಗಿ ಹಿಡಿದಿದೀರಾ? ವಯಸ್ಸಾದ್ದು, ಸಣಕಲು, ಅಂಥವು?" ಹಿಡಿದಿದ್ದೇವೆ ಎಂದ. "ಏನೂ ಇಲ್ಲ ಅಂತ ಬರೆದ್ರೆ ಮುಂದಿನ ವರ್ಷ ಯಾವ ಮುಖ ಇಟ್ಕೊಂಡು ಪ್ರಾಜೆಕ್ಟ್ ಕೇಳೋದು? ರೋಗ ಇದ್ರೆ ತಾನೇ ನಾವು ಇರೋದು?" ಅವನಿಗೆ ಆ ಕ್ಷಣ ಯಾರಿಗಾದರೂ ಹೇಳಿಬಿಡಬೇಕೆನಿಸಿತು. ಕೊನೆಯ ಗುಳಿ ಹಳದಿಯಾಗಿದೆ ಸಾರ್, ಅದು ನನ್ನ ರಕ್ತ ಎಂದ. ನಿರ್ದೇಶಕರು ಒಂದು ಗಳಿಗೆ ಆಸೆಯಿಂದ ತಲೆಯೆತ್ತಿ, ಅರ್ಥವಾದೊಡನೆ ಮತ್ತೆ ಕುಗ್ಗಿದರು. "ನಿಮ್ಮದು ತಗೊಂಡು ಏನ್ ಮಾಡ್ಲಿ? ನೀವೇನು ಬಾವಲಿನಾ?" ಎಂದರು. "ಆ ರಕ್ತ ಬದಲಾಯಿಸಿ ಇನ್ನೊಂದ್ಸಲ ಮಾಡಿ, ಬದಲಾಯಿಸಿದ್ದು ಅಂತ ಒಂದು ಸಾಲು ಬರೀರಿ, ಮುಗೀತು. ಸಂಜೆ ಬಲೆ ಹಾಕಿ, ಇನ್ನೂ ಹಿಡೀರಿ." ಅವನು ಎದ್ದು ಬಾಗಿಲವರೆಗೆ ಹೋದಾಗ, "ಅಂದ ಹಾಗೆ, ನಿಮಗೆ ಬಂದೇ ಇಲ್ಲ ಅಂತ ಎಲ್ಲಾ ಕಡೆ ಹೇಳ್ಕೊಂಡು ಓಡಾಡ್ತಿದ್ರಿ ಅಲ್ವಾ?" ಎಂದು ಕೇಳಿದರು, ಸುಮ್ಮನೆ, ತಿಳಿದುಕೊಳ್ಳಲೆಂಬಂತೆ.

ಬಾವಲಿಗಳಿದ್ದದ್ದು ಊರಂಚಿನ ಪಾಳುಬಿದ್ದ ನೀರಿನ ಟ್ಯಾಂಕಿನಲ್ಲಿ. ಸಂಜೆ ಅವನು ಏಣಿ ಹತ್ತಿ ಟ್ಯಾಂಕಿನ ಬಾಯಿಗೆ ಮುಖ ಕೊಟ್ಟದ್ದೇ ವಾಸನೆ ಮುಖಕ್ಕೆ ರಾಚಿತು. ವರ್ಷಗಟ್ಟಲೆ ಬಿದ್ದ ಹಿಕ್ಕೆ, ಮೂತ್ರ, ಕೊಳೆತ ಹಣ್ಣು. ಕಣ್ಣಲ್ಲಿ ನೀರು ಬಂತು. ಅವನು ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿದು ಏಣಿಯ ಮೇಲೇ ನಿಂತ. ಕೆಳಗೆ ಬಲೆ ಕಟ್ಟುತ್ತಿದ್ದವರಲ್ಲಿ ಒಬ್ಬ, "ಸಾರ್, ಆವತ್ತು ಮೂಗಿಗೆ ಬಟ್ಟೆ ಇಲ್ದೆ ಒಳಗೇ ಇಳಿದಿದ್ರಲ್ಲ!" ಎಂದು ಕೂಗಿದ. ಹೌದು, ಆವತ್ತು ಇಳಿದಿದ್ದ. ಎಲ್ಲರೂ ಮೂಗು ಕಟ್ಟಿಕೊಂಡು ಒದ್ದಾಡುತ್ತಿದ್ದಾಗ ಅವನು ಬರಿಮುಖದಲ್ಲಿ ಟ್ಯಾಂಕಿನೊಳಗೆ ಇಳಿದು, ಹಿಕ್ಕೆಯ ಮೇಲೆ ನಿಂತು, ಪಾಠ ಮಾಡಿದ್ದ. ವಾಸನೆ ಅನ್ನೋದೆಲ್ಲ ಮನಸ್ಸಿನ ಅಭ್ಯಾಸ ಕಣ್ರಯ್ಯಾ, ಕೆಲಸದಲ್ಲಿ ಮುಳುಗಿದವನಿಗೆ ಅದು ತಾಗೋದೇ ಇಲ್ಲ, ನನಗೆ ನೋಡಿ, ಏನೂ ಬರ್ತಿಲ್ಲ. ಏನೂ ಬರುತ್ತಿರಲಿಲ್ಲ, ನಿಜ. ಎಷ್ಟೋ ವರ್ಷದ ಶ್ರದ್ಧೆಗೆ ಸಿಕ್ಕ ಫಲ ಇದು ಎಂದು ಅವನ ಎದೆ ಉಬ್ಬಿತ್ತು. ಆ ವರ್ಷದ ಸಮಾರಂಭದಲ್ಲಿ ನಿರ್ದೇಶಕರು ಅದನ್ನೇ ಉದಾಹರಣೆ ಕೊಟ್ಟು, ಒಂದು ಶಾಲೂ ಹೊದಿಸಿದ್ದರು. ಅವನು ಹಾಗೆ ಟ್ಯಾಂಕಿಗೆ ಇಳಿದದ್ದು ಹೆಂಡತಿ ಬಸ್ಸು ಹತ್ತಿ ತಮ್ಮನ ಮನೆಗೆ ಹೋಗುವ ಮುಂಚಿನ ವಾರ. ಶಾಲು ಇನ್ನೂ ಬೀರುವಿನಲ್ಲಿದೆ.

ಬಲೆಗೆ ಬಿದ್ದು ಬಟ್ಟೆಯ ಚೀಲ ಸೇರಿದ್ದ ಮೊದಲ ಬಾವಲಿಯನ್ನು ಅವನು ಹೊರತೆಗೆದ. ರೆಕ್ಕೆ ಬಿಡಿಸಿ, ಟಾರ್ಚಿನ ಬೆಳಕಿನಲ್ಲಿ ಎಳೆ ನರ ಹುಡುಕಿ, ಸೂಜಿ ತಾಗಿಸಿ ಒಂದು ತೊಟ್ಟು ರಕ್ತ ತೆಗೆದ, ಹತ್ತಿ ಒತ್ತಿದ, ಸಕ್ಕರೆ ನೀರನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟ. ಅದು ಗಬಗಬ ನೆಕ್ಕಿತು, ಆಮೇಲೆ ಅವನ ಕೈಗವಸನ್ನು ಕಚ್ಚಿತು, ಆಮೇಲೆ ಅವನ ತೋಳಿನ ಮೇಲೆ ಉಚ್ಚೆ ಹೊಯ್ದು ಹಾರಿಹೋಯಿತು. ಇದರಲ್ಲೂ ಏನೂ ಇರುವುದಿಲ್ಲ ಎಂದು ಅವನಿಗೆ ಖಚಿತವಾಗಿತ್ತು. ಊರಿನವರು ಹೊಗೆ ಹಾಕಿ ಓಡಿಸಬೇಕೆಂದಿದ್ದ, ಇಷ್ಟು ದಿನ ತಾನು ವಾದ ಮಾಡಿ ಉಳಿಸಿಕೊಂಡು ಬಂದ ಈ ಪ್ರಾಣಿಗಳ ಮೇಲೆ ಅವನಿಗೆ ಮೊದಲ ಸಲ ಸಿಟ್ಟು ಬಂತು. ಒಂದಾದರೂ ಹಳದಿಯಾಗಿದ್ದರೆ ತಟ್ಟೆಯಲ್ಲಿ ಅವನಿಗೆ ಜೊತೆಯಿರುತ್ತಿತ್ತು.

ಮನೆಗೆ ನಡೆಯುತ್ತ ಅವನು ಹೇಳುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿದ. ಮೊದಲ ಸಲ ನೇರವಾಗಿತ್ತು: ನಾನೇ ತಂದದ್ದು, ನೀನಲ್ಲ, ನಿನ್ನ ತಮ್ಮನಲ್ಲ, ಗೇಟು ತಿಕ್ಕಿದ್ದು ತಪ್ಪಾಯಿತು. ತಿರುವಿನ ಔಷಧದಂಗಡಿ ದಾಟುವಾಗ 'ತಪ್ಪಾಯಿತು' ಬಿದ್ದುಹೋಯಿತು, ಗಂಡಸು ಹೆಂಡತಿಯ ಮುಂದೆ ಅಷ್ಟೆಲ್ಲ ಹೇಳಬೇಕೇ ಎನಿಸಿತು. ಮನೆಯ ಬೀದಿಗೆ ಬರುವಾಗ 'ನಾನೇ' ಎಂಬುದು 'ನನ್ನಿಂದಲೂ ಇರಬಹುದು' ಎಂದಾಗಿತ್ತು. ಗೇಟಿನ ಚಿಲಕಕ್ಕೆ ಕೈಯಿಟ್ಟಾಗ ಆ ಬ್ಲೀಚಿಂಗ್ ನೀರಿಗೆ ಬಣ್ಣ ಹಾರಿಹೋದ ಜಾಗ ಬೆಳ್ಳಗೆ ಕಂಡಿತು. ಅದನ್ನು ಅವನು ದಿನಾ ಮುಟ್ಟಿ ಒಳಗೆ ಹೋಗುತ್ತಿದ್ದ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಹೇಳಲೇಬೇಕು ಎಂದುಕೊಂಡು ಒಳಗೆ ಹೋದ.

ತಾಯಿ ಅವನನ್ನು ಕಂಡೊಡನೆ ಸೆರಗು ಮುಚ್ಚಿಕೊಂಡು, ಕೆಮ್ಮುತ್ತ, "ಬಂತು ನೋಡಮ್ಮಾ ನಿನ್ನ ಬಾವಲಿ," ಎಂದು ಸೊಸೆಗೆ ಕೂಗಿ ಹೇಳಿ ಎದ್ದು ಹೋದಳು. ಹೆಂಡತಿ ತಟ್ಟೆ ಹಾಕಿ ಪಕ್ಕದಲ್ಲಿ ಕೂತಳು. ಅವನ ತೋಳಿನ ಮೇಲೆ ಬಾವಲಿಯ ಉಚ್ಚೆ ಒಣಗಿತ್ತು. ಅವಳು ಮೊಣಕೈ ತಾಗುವಷ್ಟು ಹತ್ತಿರವಿದ್ದಳು. ಅವನು ಎರಡು ತುತ್ತು ತಿಂದು, ಗಂಟಲು ಸರಿಮಾಡಿಕೊಂಡು, ಅದೇ ಭಾಷಣದ ದನಿಯಲ್ಲಿ ಶುರುಮಾಡಿದ. ಪ್ರತಿಕಾಯ ಎಂದರೇನು, ಅದು ಯಾವಾಗ ಮೂಡುತ್ತದೆ, ತಟ್ಟೆಯಲ್ಲಿ ಏನು ಕಂಡಿತು. ಅವಳು ತಲೆಯಾಡಿಸುತ್ತ ಕೇಳಿದಳು. "ಅದಕ್ಕೆ ಹೇಳ್ತಿರೋದು," ಎಂದ. "ಆವತ್ತಿನ ಜ್ವರ ನಿನ್ನ ತಮ್ಮನಿಂದ ಅಲ್ಲ. ನನ್ನಿಂದಲೇ ಬಂದದ್ದು ಅಂತ ಇಟ್ಕೋ."

ಆ 'ಅಂತ ಇಟ್ಕೋ' ಬಾಯಿಂದ ಬಿದ್ದದ್ದು ಅವನಿಗೆ ಗೊತ್ತಾಯಿತು. ವಾಪಸು ತೆಗೆದುಕೊಳ್ಳಬಹುದಿತ್ತು. ಅವಳು ಅನ್ನದ ಪಾತ್ರೆ ಕೆಳಗಿಟ್ಟು ಅವನನ್ನೇ ನೋಡಿದಳು, ಅವಳ ಕಣ್ಣು ತುಂಬಿತು. "ರೀ," ಎಂದಳು. "ಹೋದ ವಾರ ನಾನು ತಮ್ಮನ ಹತ್ರ ಫೋನಲ್ಲಿ ಅತ್ತಿದ್ದು ಕೇಳಿಸ್ಕೊಂಡ್ರಾ?"

"ಅದಲ್ಲ, ಇದು ಪರೀಕ್ಷೆಲಿ..."

"ಸಾಕು ಬಿಡಿ. ನಿಮಗೆ ಬರಲೇ ಇಲ್ಲ ಅನ್ನೋದು ಇಡೀ ಊರಿಗೆ ಗೊತ್ತು. ಮನೇಲಿ ಯಾರಿಗೆ ನೆಗಡಿ ಆದ್ರೂ ಮಹಡಿಗೆ ಓಡೋರು ನೀವು. ನನ್ನ ಸಮಾಧಾನಕ್ಕೆ ಅಂತ ಇಷ್ಟು ದೊಡ್ಡದನ್ನ ತಲೆ ಮೇಲೆ ಹಾಕ್ಕೊಳ್ತಿದೀರಲ್ಲ..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಮದುವೆಯಾದ ಮೇಲೆ ಅವಳು ಅವನನ್ನು ಹಾಗೆ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಒಳಗಿನಿಂದ ತಾಯಿ, "ಹೆಂಡತಿ ಅತ್ತರೆ ಸಾಕು, ಬಾವಲಿನ ನಾನೇ ಹೆತ್ತೆ ಅಂತಾನೂ ಹೇಳ್ತಾನೆ ಅವನು!" ಎಂದು ಕೂಗಿದಳು. ಅವನ ಅಂಗಿಯ ಜೇಬಿನಲ್ಲಿ ಆ ಪುಟ್ಟ ಬಾಟಲಿ ಇತ್ತು, ಸಾಕ್ಷಿಗೆಂದೇ ತಂದದ್ದು. ತೆಗೆದು ತಟ್ಟೆಯ ಪಕ್ಕ ಇಟ್ಟಿದ್ದರೆ ಆಗುತ್ತಿತ್ತು. ಟ್ಯಾಂಕಿನ ಕತೆ ಹೇಳಿದ್ದರೆ ಇನ್ನೂ ಬೇಗ ಆಗುತ್ತಿತ್ತು. ವಾಸನೆ ಕಳೆದುಕೊಂಡವಳಿಗೆ ಅದು ಒಂದೇ ಮಾತಿನಲ್ಲಿ ಅರ್ಥವಾಗುತ್ತಿತ್ತು. ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಹೇಳಿಯಂತೂ ಆಯಿತು, ನಂಬದಿರುವುದು ಅವಳ ಇಷ್ಟ ಎಂದು ಅವನು ತನಗೆ ತಾನೇ ಹೇಳಿಕೊಂಡ. ಕೂತು ಎಲ್ಲವನ್ನೂ ತಿಂದ.

ಭಾನುವಾರ ಬೆಳಿಗ್ಗೆ ಅವಳು ತಮ್ಮನ ಮನೆಗೆ ಹೊರಟಳು. ನನ್ನಲ್ಲಿ ದೋಷ ಇದೆಯೋ ಇಲ್ಲವೋ, ನೀವು ಇಷ್ಟು ಹೇಳಿದ ಮೇಲೆ ಹೋಗದಿದ್ದರೆ ನಿಮ್ಮ ಮಾತಿಗೆ ಬೆಲೆ ಕೊಟ್ಟ ಹಾಗಾಗಲ್ಲ ಎಂದಳು. ಅವನು ಈ ಸಲ ಗಾಡಿಯಲ್ಲಿ ಬಸ್ ಸ್ಟಾಪಿನವರೆಗೆ ಬಿಟ್ಟು ಬಂದ. ಹಿಂದೆ ಕೂತವಳು ಅವನ ಭುಜದ ಮೇಲೆ ಕೈಯಿಟ್ಟಿದ್ದಳು. ಮಧ್ಯಾಹ್ನ ಫೋನು ಬಂತು. ತಮ್ಮನದು. ಹಿಂದೆ ಮಗುವಿನ ಕೇಕೆ, ಅದರ ಮೇಲೆ ಹೆಂಡತಿಯ ನಗು. ಅವಳು ಅಷ್ಟು ಜೋರಾಗಿ ನಗುತ್ತಾಳೆಂಬುದು ಅವನಿಗೆ ಮರೆತೇ ಹೋಗಿತ್ತು.

"ಭಾವ," ಎಂದ ತಮ್ಮ. "ಅಕ್ಕ ಎಲ್ಲಾ ಹೇಳಿದ್ಲು. ನಾನು ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ. ಆವತ್ತು ನಾನು ಕೆಮ್ತಿದ್ದೆ ಭಾವ, ನನಗೆ ಗೊತ್ತು, ಅಕ್ಕನ ಮೂಗು ಹೋಗಿದ್ದು ನನ್ನಿಂದಲೇ. ಅದನ್ನ ನೀವು ನಿಮ್ಮ ಮೇಲೆ ಹಾಕ್ಕೊಂಡ್ರಲ್ಲ, ಯಾವ ಭಾವ ಮಾಡ್ತಾನೆ ಹಾಗೆ? ನಮ್ಮಿಂದ ಆಗಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ."

ಇಲ್ಲಿ ಹೆಂಡತಿ ಇರಲಿಲ್ಲ, ತಾಯಿ ಮಲಗಿದ್ದಳು. ಹೇಳಲು ಅಡ್ಡಿಯೇನೂ ಇರಲಿಲ್ಲ. ಅವನು ಬಾಯಿ ತೆರೆದ. ಆ ಕಡೆ ತಮ್ಮ ಉಸಿರು ಹಿಡಿದು ಕಾಯುತ್ತಿದ್ದ.

"ಹೋಗ್ಲಿ ಬಿಡಪ್ಪಾ," ಎಂದ. "ಆವತ್ತೇ ಹೊಟ್ಟೆಗೆ ಹಾಕ್ಕೊಂಡಿದೀನಿ."